ಗಂಗಾಮೂಲದಿಂದ ಕೇಡಗಾಂವಿಗೆ: ಪಂಡಿತಾ ರಮಾಬಾಯಿಯವರ ಬದುಕು

ಸೊಲ್ಲಾಪುರದಿಂದ ಪುಣೆಗೆ ಹೋಗುವ ರೈಲು ಮಾರ್ಗದಲ್ಲಿ ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣವಿದೆ. ಈ ಭಾಗದ ಕನ್ನಡಿಗರು ಓದಿಗಾಗಿ, ನೌಕರಿಗಾಗಿ, ವ್ಯಾಪಾರಕ್ಕಾಗಿ ಈ ನಿಲ್ದಾಣವನ್ನು ಎಷ್ಟೋ ಸಲ ಹಾದುಹೋಗುತ್ತಾರೆ. ಆ ಊರಿನಲ್ಲಿ ಬಾಳಿ, ಅಲ್ಲಿಯೇ 1922ರಲ್ಲಿ ಕಣ್ಣು ಮುಚ್ಚಿದ ಪಂಡಿತಾ ರಮಾಬಾಯಿಯವರು ಹುಟ್ಟಿದ್ದು ತುಂಗಾ ಭದ್ರಾ ನದಿಗಳ ಉಗಮಸ್ಥಾನದಲ್ಲಿ ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಮಹಾರಾಷ್ಟ್ರದ ಸಮಾಜಸುಧಾರಣೆಯ ಚರಿತ್ರೆಯಲ್ಲಿ ಅವರ ಹೆಸರಿದೆ. ಕನ್ನಡ ನಾಡಿನ ಚರಿತ್ರೆಯಲ್ಲಿ ಅದು ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ. ಸ್ತ್ರೀವಾದ, ಲಿಂಗ ಸಮಾನತೆ ಎಂಬ ಪರಿಭಾಷೆಗಳನ್ನು ನಾವು ಇಂದು ಪಠ್ಯಕ್ರಮದ ಭಾಗವಾಗಿ ಓದುತ್ತೇವೆ. ಆ ಪದಗಳು ಭಾರತೀಯ ಭಾಷೆಗಳಲ್ಲಿ ನೆಲೆಗೊಳ್ಳುವುದಕ್ಕೆ ಬಹಳ ಮೊದಲೇ ಅವುಗಳ ಅರ್ಥವನ್ನು ತಮ್ಮ ಬದುಕಿನಲ್ಲಿ ಪರೀಕ್ಷೆಗೆ ಒಡ್ಡಿದವರಲ್ಲಿ ರಮಾಬಾಯಿಯವರು ಮುಖ್ಯರು. ಆದ್ದರಿಂದ ಅವರ ಜೀವನವನ್ನು ಕ್ರಮವಾಗಿ ತಿಳಿಯುವುದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಉಪಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ರಮಾಬಾಯಿಯವರ ಕಥೆ ಅವರ ತಂದೆಯಿಂದ ಆರಂಭವಾಗುತ್ತದೆ. ಅನಂತಶಾಸ್ತ್ರಿ ಡೋಂಗ್ರೆಯವರದು ಕಾರ್ಕಳದ ಸಮೀಪದ ಮಾಳದಲ್ಲಿ ನೆಲೆಸಿದ್ದ ಚಿತ್ಪಾವನ ಬ್ರಾಹ್ಮಣ ಮನೆತನ. ಮನೆಯ ಮಾತು ಮರಾಠಿ, ಸುತ್ತಣ ನೆಲ ತುಳು ಕನ್ನಡಗಳದು. ಅವರು ತರುಣರಾಗಿದ್ದಾಗ ಸಂಸ್ಕೃತ ವ್ಯಾಸಂಗಕ್ಕಾಗಿ ಪುಣೆಗೆ ಹೋಗಿ ರಾಮಚಂದ್ರಶಾಸ್ತ್ರಿ ಸಾಠೆಯವರ ಶಿಷ್ಯರಾದರು. ಆ ಗುರುಗಳು ಎರಡನೆಯ ಬಾಜೀರಾಯನ ಪತ್ನಿಗೂ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಣ್ಣುಮಗಳೊಬ್ಬಳು ಸಂಸ್ಕೃತ ಶ್ಲೋಕಗಳನ್ನು ಓದುವುದನ್ನು ಕೇಳಿದ ಅನಂತಶಾಸ್ತ್ರಿಗಳಿಗೆ ತಮ್ಮ ಹೆಂಡತಿಗೂ ಏಕೆ ಕಲಿಸಬಾರದು ಎಂಬ ವಿಚಾರ ಹೊಳೆಯಿತು. ಊರಿಗೆ ಮರಳಿ ಮಾಡಿದ ಮೊದಲ ಪ್ರಯತ್ನ ಮನೆಯವರ ವಿರೋಧದಿಂದ ಕೈಗೂಡಲಿಲ್ಲ. ಮೊದಲ ಪತ್ನಿ ತೀರಿಕೊಂಡ ಮೇಲೆ, ನಲವತ್ತು ದಾಟಿದ್ದ ಅವರು ಗೋದಾವರಿಯ ದಡದಲ್ಲಿ ಯಾತ್ರಿಕರೊಬ್ಬರ 9 ವರ್ಷದ ಮಗಳು ಲಕ್ಷ್ಮಿಯನ್ನು ಮದುವೆಯಾದರು. ಇಂದಿನ ಕಣ್ಣಿಗೆ ಈ ಮದುವೆ ಘೋರವಾಗಿಯೇ ಕಾಣುತ್ತದೆ. ಆದರೆ ಆ ಬಾಲಿಕೆಗೆ ಅವರು ಸಂಸ್ಕೃತವನ್ನು ಕಲಿಸಿದರು ಎಂಬುದೂ ಅಷ್ಟೇ ಸತ್ಯ. ಬಾಲ್ಯವಿವಾಹವೂ ಸ್ತ್ರೀವಿದ್ಯೆಯೂ ಒಂದೇ ಮನೆಯಲ್ಲಿ ಕೂಡಿದ್ದ ಈ ವಿರೋಧಾಭಾಸವೇ ರಮಾಬಾಯಿಯವರ ಹಿನ್ನೆಲೆ.

ಹೆಂಡತಿಗೆ ದೇವಭಾಷೆಯನ್ನು ಕಲಿಸಿದ ಸುದ್ದಿ ಹಬ್ಬಿ ಜಾತಿಬಾಂಧವರು ಆಕ್ಷೇಪಿಸಿದರು. ಅನಂತಶಾಸ್ತ್ರಿಗಳು ಉಡುಪಿಯಲ್ಲಿ ವಿದ್ವಾಂಸರ ಮುಂದೆ ತಮ್ಮ ನಡೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ವೇದವನ್ನು ಬಿಟ್ಟು ಕಾವ್ಯ ಪುರಾಣಗಳನ್ನು ಸ್ತ್ರೀಯರಿಗೆ ಕಲಿಸುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲವೆಂದು ಗ್ರಂಥಗಳ ಆಧಾರದಿಂದಲೇ ಅವರು ವಾದಿಸಿದರು. ವಾದದಲ್ಲಿ ಸೋಲದಿದ್ದರೂ ಊರಿನಲ್ಲಿ ನೆಮ್ಮದಿಯಿರಲಿಲ್ಲ. ಅವರು ಘಟ್ಟವನ್ನು ಏರಿ ಗಂಗಾಮೂಲದ ಕಾಡಿನಲ್ಲಿ ಆಶ್ರಮವನ್ನು ಕಟ್ಟಿಕೊಂಡರು. ಇಂದು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಆ ಬೆಟ್ಟದಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು. ಅತಿಥಿಗಳಿಗೂ ಶಿಷ್ಯರಿಗೂ ಉಣಬಡಿಸಿ ಶಾಸ್ತ್ರಿಗಳ ಸಂಪತ್ತು ಕರಗಿತು. ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಕುಟುಂಬ ಆಶ್ರಮವನ್ನು ತೊರೆದು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳೊಬ್ಬನ ತಲೆಯ ಮೇಲೆ ಹೊರಿಸಿಕೊಂಡು ಘಟ್ಟವನ್ನು ಇಳಿದರು. ಅಂದಿನಿಂದ ಮುಂದಿನ ಇಪ್ಪತ್ತು ವರ್ಷ ರಮಾಬಾಯಿಯವರಿಗೆ ಸ್ವಂತ ಮನೆಯೆಂಬುದು ಇರಲಿಲ್ಲ.

ಕುಟುಂಬದ ಜೀವನೋಪಾಯ ಪುರಾಣಪ್ರವಚನ. ದೇವಾಲಯಗಳ ಜಗುಲಿಗಳಲ್ಲಿ, ನದಿಯ ಘಟ್ಟಗಳಲ್ಲಿ ಕುಳಿತು ಪುರಾಣ ಓದುವುದು, ಕೇಳಿದವರು ಕೊಟ್ಟ ಕಾಣಿಕೆಯಲ್ಲಿ ಊಟ ಮಾಡುವುದು, ಉಳಿದುದನ್ನು ದಾನ ಮಾಡುವುದು. ತಂದೆಗೆ ಮುಪ್ಪು ಅಡರಿದ್ದರಿಂದ ರಮೆಗೆ ತಾಯಿಯೇ ಗುರು. ನಸುಕಿನಲ್ಲಿ ಎಬ್ಬಿಸಿ, ಮನೆಗೆಲಸದ ನಡುವೆ, ದಾರಿ ನಡೆಯುತ್ತ ಲಕ್ಷ್ಮೀಬಾಯಿಯವರು ಶ್ಲೋಕ, ವ್ಯಾಕರಣ, ಕೋಶಗಳನ್ನು ಬಾಯಿಪಾಠ ಮಾಡಿಸಿದರು. ಹದಿಹರೆಯಕ್ಕೆ ಕಾಲಿಡುವ ಮೊದಲೇ ರಮಾಬಾಯಿಯವರಿಗೆ ಭಾಗವತದ ಸಾವಿರಾರು ಶ್ಲೋಕಗಳು ಕಂಠಸ್ಥವಾಗಿದ್ದವು. ಮಗಳ ಮದುವೆಯನ್ನು ತಂದೆ ಬಾಲ್ಯದಲ್ಲಿ ಮಾಡಲಿಲ್ಲ. ಹಿರಿಯ ಮಗಳಿಗೆ ಎಳವೆಯಲ್ಲಿ ಮಾಡಿದ ಮದುವೆ ದುಃಖದಲ್ಲಿ ಮುಗಿದುದನ್ನು ಕಂಡಿದ್ದ ಅವರು ಮತ್ತೆ ಅದೇ ತಪ್ಪಿಗೆ ಕೈಹಾಕಲಿಲ್ಲ. ಹೀಗಾಗಿ ಅಂದಿನ ಬ್ರಾಹ್ಮಣ ಸಮಾಜದಲ್ಲಿ ಅತ್ಯಂತ ಅಪರೂಪವಾದ ಎರಡು ಸಂಗತಿಗಳು ರಮಾಬಾಯಿಯವರಿಗೆ ಒದಗಿದವು. ಒಂದು ವಿದ್ಯೆ, ಇನ್ನೊಂದು ವಿವಾಹದ ಬಂಧನವಿಲ್ಲದ ಹರೆಯ.

ಆದರೆ ಆ ವಿದ್ಯೆ ಹೊಟ್ಟೆಯನ್ನು ತುಂಬಿಸಲಿಲ್ಲ. 1870ರ ದಶಕದ ನಡುಭಾಗದಲ್ಲಿ ದಕ್ಷಿಣದಲ್ಲಿ ಬರ ಬಿದ್ದಾಗ ಪುರಾಣ ಕೇಳುವವರು, ಕಾಣಿಕೆ ಕೊಡುವವರು ಇಲ್ಲವಾದರು. ಶಾಸ್ತ್ರಾಧ್ಯಯನವನ್ನು ಬಿಟ್ಟು ಬೇರೆ ಯಾವ ಕಸುಬನ್ನೂ ಕುಟುಂಬದವರು ಕಲಿತಿರಲಿಲ್ಲ. ಕೂಲಿ ಮಾಡುವುದು ಕುಲಕ್ಕೆ ಸಲ್ಲದೆಂಬ ಅಭಿಮಾನ, ಬೇಡಲು ಸಂಕೋಚ. ಇದ್ದ ಪಾತ್ರೆಪದಾರ್ಥಗಳನ್ನು ಮಾರಿಕೊಂಡು ಕೆಲವು ದಿನ ಕಳೆದ ಮೇಲೆ ಕಾಡಿನ ಸೊಪ್ಪೇ ಆಹಾರವಾಯಿತು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ಕಾಲದಲ್ಲಿ ತಾಯಿಯೂ ಹೋದರು. ತಾಯಿಯ ಚಟ್ಟವನ್ನು ಹೊರಲು ಸಾಕಷ್ಟು ಜನ ಮುಂದೆ ಬಾರದ ಕಾರಣ ಮಗಳೂ ಹೊರಬೇಕಾಯಿತು. ಬಳಿಕ ಅಕ್ಕನೂ ಅಳಿದು, ಅಣ್ಣ ಶ್ರೀನಿವಾಸ ಮತ್ತು ರಮಾ ಇಬ್ಬರೇ ಉಳಿದರು. ಹಸಿವಿನ ಈ ಅನುಭವವನ್ನು ನೆನಪಿನಲ್ಲಿಟ್ಟುಕೊಂಡರೆ ಮಾತ್ರ ಅವರ ಮುಂದಿನ ಕಾರ್ಯದ ಸ್ವರೂಪ ನಮಗೆ ಅರ್ಥವಾಗುತ್ತದೆ. ಗ್ರಂಥಜ್ಞಾನದೊಂದಿಗೆ ಕೈಯಲ್ಲೊಂದು ಕಸುಬೂ ಇರಬೇಕೆಂಬ ಅವರ ಹಟಕ್ಕೆ ಬೇರು ಇಲ್ಲಿದೆ.

ಅಣ್ಣತಂಗಿಯರು ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ದೇಶವನ್ನು ಸುತ್ತಿ 1878ರಲ್ಲಿ ಕಲ್ಕತ್ತೆಯನ್ನು ತಲುಪಿದರು. ಇಪ್ಪತ್ತು ವರ್ಷದ ಅವಿವಾಹಿತ ತರುಣಿ ನಿರರ್ಗಳವಾಗಿ ಸಂಸ್ಕೃತದಲ್ಲಿ ಮಾತನಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾದರು. ಪರೀಕ್ಷಿಸಿ ನೋಡಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ನೀಡಿದರು. ಬಂಗಾಳದ ಸುಧಾರಕರು ಅವರನ್ನು ಸಭೆಗಳಿಗೆ ಕರೆದು ಪ್ರಾಚೀನ ಭಾರತದ ವಿದುಷಿಯರ ಜೀವಂತ ನಿದರ್ಶನವೆಂದು ಕೊಂಡಾಡಿದರು. ಸ್ತ್ರೀಧರ್ಮದ ಕುರಿತು ಉಪನ್ಯಾಸ ಮಾಡಬೇಕೆಂಬ ಕೋರಿಕೆ ಬಂದಾಗ ರಮಾಬಾಯಿಯವರು ಧರ್ಮಶಾಸ್ತ್ರಗಳನ್ನು ಹೊಸದಾಗಿ ಓದತೊಡಗಿದರು. ತಂದೆ ಎಂದೂ ಕಲಿಸದಿದ್ದ ವೇದವನ್ನು ಓದುವಂತೆ ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಪ್ರೇರೇಪಿಸಿದರು. ಗ್ರಂಥಗ್ರಂಥಗಳ ನಡುವೆ ಅನೇಕ ವಿಷಯಗಳಲ್ಲಿ ಭಿನ್ನಮತವಿದ್ದರೂ ಸ್ತ್ರೀಯನ್ನು ಹೀನಳೆಂದು ಗಣಿಸುವುದರಲ್ಲಿ ಅವು ಒಂದಾಗುವುದನ್ನು ಅವರು ಕಂಡುಕೊಂಡರು. ಸಭೆಯ ಮೇಲಿನ ಗೌರವಕ್ಕೂ ಗ್ರಂಥದೊಳಗಿನ ಅನಾದರಕ್ಕೂ ನಡುವೆ ಇದ್ದ ಅಂತರ ಅವರಿಗೆ ಅರಿವಾದದ್ದು ಅಲ್ಲಿಯೇ. ಸಂಸ್ಕೃತ ಕಲಿತ ಹೆಣ್ಣು ಪಂಡಿತರ ಹೊಗಳಿಕೆಯಲ್ಲಿ ತೃಪ್ತಳಾಗದೆ ಆ ಸಂಸ್ಕೃತದಿಂದಲೇ ಪ್ರಶ್ನೆ ಕೇಳತೊಡಗಿದ್ದಳು.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ರಮಾಬಾಯಿಯವರು ಅಣ್ಣನ ಮಿತ್ರರಾಗಿದ್ದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಕಾನೂನು ರೀತ್ಯಾ ವಿವಾಹವಾದರು. ವರ ಬಂಗಾಳಿ, ಅಂದಿನ ಗಣನೆಯಲ್ಲಿ ಶೂದ್ರ. ವಧು ಚಿತ್ಪಾವನ ಬ್ರಾಹ್ಮಣಕನ್ಯೆ. ವರನನ್ನು ಆರಿಸಿಕೊಂಡವಳು ವಧುವೇ. ಒಂದೇ ಮದುವೆಯಲ್ಲಿ ಭಾಷೆ, ಪ್ರಾಂತ, ಜಾತಿ ಮೂರರ ಎಲ್ಲೆಯನ್ನೂ ಅವರು ದಾಟಿದರು. ಅಸ್ಸಾಮಿನ ಸಿಲ್ಚಾರಿನಲ್ಲಿ ನಡೆದ ಆ ಸಂಸಾರಕ್ಕೆ ಎರಡು ವರ್ಷವೂ ತುಂಬಲಿಲ್ಲ. 1881ರ ಏಪ್ರಿಲಿನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ಸತ್ತರು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ರಮಾಬಾಯಿಯವರು ವಿಧವೆಯಾದರು. ಗಂಡನನ್ನು ನುಂಗಿದವಳೆಂಬ ಮಾತನ್ನು ಸಮಾಜ ಯಾವ ವಿಧವೆಯ ಮೇಲಾದರೂ ಹೊರಿಸುತ್ತಿದ್ದ ಕಾಲವದು. ಆದರೆ ಅವರು ತಲೆ ಬೋಳಿಸಿಕೊಂಡು ಕತ್ತಲಕೋಣೆ ಸೇರಲಿಲ್ಲ. ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು.

ಪುಣೆಯಲ್ಲಿ ಮಹಾದೇವ ಗೋವಿಂದ ರಾನಡೆಯವರೇ ಮೊದಲಾದ ಸುಧಾರಕರು ಅವರಿಗೆ ಬೆಂಬಲವಾದರು. 1882ರಲ್ಲಿ ಅವರು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಯರೇ ಸೇರಿ ತಮ್ಮ ಸ್ಥಿತಿಗತಿಗಳನ್ನು ತಾವೇ ಚರ್ಚಿಸುವ ವೇದಿಕೆ ಅದು. ಅಹಮದನಗರ, ಪಂಢರಪುರಗಳಲ್ಲಿ ಹೇಗೋ ಹಾಗೆ ನಮ್ಮ ಸೊಲ್ಲಾಪುರದಲ್ಲಿಯೂ ಅದರ ಶಾಖೆ ಆರಂಭವಾಗಿತ್ತು. ಅದೇ ವರ್ಷ ಅವರ ಮರಾಠಿ ಕೃತಿ ಸ್ತ್ರೀಧರ್ಮನೀತಿ ಪ್ರಕಟವಾಯಿತು. ಇಂದಿನ ಓದುಗರಿಗೆ ಅದರ ದನಿ ಸೌಮ್ಯವೆನಿಸಬಹುದು. ಗೃಹಿಣಿಯ ಕರ್ತವ್ಯಗಳ ಬೋಧನೆಯೇ ಅಲ್ಲಿ ಹೆಚ್ಚು. ಆದರೂ ಹೆಣ್ಣು ಪರಾವಲಂಬನೆಯನ್ನು ಬಿಟ್ಟು ಸ್ವಂತ ಪ್ರಯತ್ನದಿಂದ ಮೇಲೇಳಬೇಕೆಂಬ ಸೂತ್ರ ಆ ಪುಸ್ತಕದಲ್ಲಿಯೇ ಇದೆ.

ಶಿಕ್ಷಣದ ಸ್ಥಿತಿಯನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಹಂಟರ್ ಆಯೋಗ 1882ರಲ್ಲಿ ಪುಣೆಗೆ ಬಂದಾಗ ರಮಾಬಾಯಿಯವರು ಅದರ ಮುಂದೆ ಮರಾಠಿಯಲ್ಲಿ ಸಾಕ್ಷ್ಯ ನುಡಿದರು. ಹುಡುಗಿಯರ ಶಾಲೆಗಳಿಗೆ ಶಿಕ್ಷಕಿಯರು ಬೇಕು, ಮೇಲ್ವಿಚಾರಣೆಗೆ ಸ್ತ್ರೀಯರೇ ಬೇಕು, ವೈದ್ಯಕೀಯ ಶಿಕ್ಷಣದ ಬಾಗಿಲು ಸ್ತ್ರೀಯರಿಗೆ ತೆರೆಯಬೇಕು ಎಂಬುದು ಅವರ ವಾದದ ಸಾರ. ಪುರುಷ ವೈದ್ಯರಿಗೆ ರೋಗವನ್ನು ಹೇಳಿಕೊಳ್ಳಲಾರದೆ ಎಷ್ಟೋ ಹೆಂಗಸರು ಸಾಯುತ್ತಾರೆ ಎಂಬುದನ್ನು ಅವರು ಆಯೋಗದ ಗಮನಕ್ಕೆ ತಂದರು. ಗಮನಿಸಬೇಕಾದ ಅಂಶವಿದು. ಅವರು ಸ್ತ್ರೀಯರ ಪರವಾಗಿ ಕರುಣೆಯನ್ನು ಬೇಡಲಿಲ್ಲ. ಹುದ್ದೆ, ತರಬೇತಿ, ಸಂಬಳ, ಅಧಿಕಾರ ಎಂಬ ಸ್ಪಷ್ಟವಾದ ವಿಷಯಗಳನ್ನು ಮುಂದಿಟ್ಟರು.

ಸ್ವತಃ ವೈದ್ಯಶಾಸ್ತ್ರ ಕಲಿಯುವ ಹಂಬಲದಿಂದ, ಪುಸ್ತಕದ ಮಾರಾಟದಿಂದ ಬಂದ ಹಣದ ನೆರವಿನಲ್ಲಿ, 1883ರಲ್ಲಿ ಅವರು ಎರಡು ವರ್ಷದ ಮಗಳೊಡನೆ ಇಂಗ್ಲೆಂಡಿಗೆ ಹಡಗು ಹತ್ತಿದರು. ವಾಂಟೇಜ್ ಎಂಬಲ್ಲಿನ ಆಂಗ್ಲಿಕನ್ ಸನ್ಯಾಸಿನಿಯರ ಮಠ ಅವರಿಗೆ ಆಶ್ರಯ ನೀಡಿತು. ಕಿವಿ ಮಂದವಾಗಿದ್ದ ಕಾರಣ ವೈದ್ಯಕೀಯ ಶಿಕ್ಷಣದ ಆಸೆ ಈಡೇರಲಿಲ್ಲ. ಜೊತೆಗೆ ಹೋಗಿದ್ದ ಗೆಳತಿ ಆನಂದೀಬಾಯಿ ಭಗತ್ ಅಲ್ಲಿಯೇ ದುರಂತ ಸಾವಿಗೆ ಈಡಾದರು. ಅದೇ ವರ್ಷದ ಸೆಪ್ಟೆಂಬರ್ 29ರಂದು ರಮಾಬಾಯಿಯವರು ಮಗಳೊಂದಿಗೆ ಕ್ರೈಸ್ತ ದೀಕ್ಷೆಯನ್ನು ಪಡೆದರು. ಈ ಸುದ್ದಿ ಭಾರತಕ್ಕೆ ತಲುಪಿದಾಗ ಅವರನ್ನು ಸರಸ್ವತಿಯೆಂದು ಹೊಗಳಿದ್ದವರಲ್ಲಿ ಹಲವರು ಮುಖ ತಿರುಗಿಸಿದರು. ಪರಕೀಯ ಆಳ್ವಿಕೆಯ ಕಾಲದಲ್ಲಿ ಆಳುವವರ ಮತವನ್ನು ಸ್ವೀಕರಿಸಿದ್ದು ದ್ರೋಹವೆಂದು ಅನೇಕರಿಗೆ ಅನಿಸಿತು. ಆ ನೋವನ್ನು ಸುಳ್ಳೆನ್ನಲಾಗದು. ಜ್ಯೋತಿರಾವ್ ಫುಲೆಯವರು ಮಾತ್ರ ತಮ್ಮ ಸತ್ಸಾರ ಪತ್ರಿಕೆಯಲ್ಲಿ ರಮಾಬಾಯಿಯವರ ಪಕ್ಷ ವಹಿಸಿ ಬರೆದರು.

ಮತಾಂತರದಿಂದ ಅವರು ಇನ್ನೊಂದು ಅಧಿಕಾರಕ್ಕೆ ತಲೆಬಾಗಿದರೆಂದು ತಿಳಿಯುವುದು ತಪ್ಪಾಗುತ್ತದೆ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಅವರು ಓದುತ್ತ ಸಂಸ್ಕೃತವನ್ನೂ ಕಲಿಸುತ್ತಿದ್ದರು. ಅಲ್ಲಿ ಅವರು ಗಂಡಸರಿಗೂ ಪಾಠ ಹೇಳುವ ಪ್ರಸ್ತಾಪ ಬಂದಾಗ ಭಾರತದಲ್ಲಿದ್ದ ಬಿಷಪ್ಪರು ಅದು ಹೆಂಗಸಿಗೆ ತಕ್ಕುದಲ್ಲವೆಂದು ಅಡ್ಡಿಪಡಿಸಿದರು. ತವರಿನ ದೇವಾಲಯಗಳ ಜಗುಲಿಗಳಲ್ಲಿ ಗಂಡಸರು ತುಂಬಿದ ಸಭೆಗಳ ಮುಂದೆ ಪುರಾಣ ಹೇಳಿದ್ದ ರಮಾಬಾಯಿಯವರಿಗೆ ಈ ನಿಷೇಧ ವಿಚಿತ್ರವಾಗಿ ಕಂಡಿತು. ಅವರು ಅದನ್ನು ಖಂಡಿಸಿ ಬರೆದರು. ತ್ರಿತ್ವದ ಸಿದ್ಧಾಂತವನ್ನು ಕುರಿತು ಗುರುಮಾತೆಯರೊಡನೆ ದೀರ್ಘವಾಗಿ ವಾದಿಸಿದರು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತ ಏಕಿರಬಾರದು ಎಂದು ಕೇಳಿದರು. ಸೀರೆಯನ್ನು ಬಿಡಲಿಲ್ಲ, ಸಸ್ಯಾಹಾರವನ್ನು ಬಿಡಲಿಲ್ಲ. ಉಡುಪಿಯ ಪಂಡಿತರಿಗೆ ತಂದೆ ಕೊಟ್ಟ ಉತ್ತರದ ರೀತಿಯಲ್ಲಿಯೇ ಮಗಳು ಇಂಗ್ಲೆಂಡಿನ ಧರ್ಮಗುರುಗಳಿಗೆ ಉತ್ತರ ಕೊಟ್ಟಳು. ಧರ್ಮವನ್ನು ಒಪ್ಪಿದರೂ ಅದರ ಅರ್ಥವನ್ನು ತಾನೇ ವಿವೇಚಿಸುವ ಹಕ್ಕನ್ನು ಬಿಟ್ಟುಕೊಡಲಿಲ್ಲ.

1886ರಲ್ಲಿ ಅವರ ದೂರದ ಬಂಧು ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವ ಸಮಾರಂಭಕ್ಕಾಗಿ ರಮಾಬಾಯಿಯವರು ಅಮೆರಿಕಕ್ಕೆ ಹೋದರು. ಕೆಲವು ವಾರಗಳಿಗೆಂದು ಹೋದವರು ಎರಡೂವರೆ ವರ್ಷಗಳಿಗೂ ಹೆಚ್ಚು ಕಾಲ ಉಳಿದರು. 1887ರಲ್ಲಿ ಅಲ್ಲಿ ಅವರ ಇಂಗ್ಲಿಷ್ ಗ್ರಂಥ ದಿ ಹೈ ಕಾಸ್ಟ್ ಹಿಂದೂ ವುಮನ್ ಹೊರಬಂತು. ಬಾಲ್ಯ, ವಿವಾಹ, ವೈಧವ್ಯ ಎಂಬ ಹಂತಗಳಲ್ಲಿ ಮೇಲ್ಜಾತಿಯ ಹೆಣ್ಣಿನ ಬದುಕು ಹೇಗೆ ಸಂಕುಚಿತಗೊಳ್ಳುತ್ತದೆ ಎಂಬುದನ್ನು ಅದರಲ್ಲಿ ಅವರು ಶಾಸ್ತ್ರವಾಕ್ಯ, ಕಾನೂನು, ಜನಗಣತಿಗಳ ಆಧಾರದೊಡನೆ ವಿವರಿಸಿದರು. ಗಂಡನ ಮನೆಗೆ ಹೋಗಲು ಒಪ್ಪದ ರಖಮಾಬಾಯಿಯವರ ಮೇಲೆ ಮುಂಬಯಿಯ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ಪ್ರಸಿದ್ಧ ಮೊಕದ್ದಮೆಯ ಕುರಿತೂ ಅವರು ತೀವ್ರವಾಗಿ ಬರೆದರು. ಸ್ವಾವಲಂಬನೆ, ಶಿಕ್ಷಣ, ದೇಶದ ಸ್ತ್ರೀಯರೇ ಆದ ಶಿಕ್ಷಕಿಯರು ಎಂಬ ಮೂರು ಅಗತ್ಯಗಳನ್ನು ಆ ಗ್ರಂಥ ಸೂಚಿಸುತ್ತದೆ. ಅದನ್ನು ಅವರು ಅರ್ಪಿಸಿದ್ದು ತಮ್ಮ ತಾಯಿಯ ನೆನಪಿಗೆ. ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ರಮಾಬಾಯಿ ಅಸೋಸಿಯೇಷನ್ ವಿಧವೆಯರ ಶಾಲೆಯೊಂದನ್ನು ಹತ್ತು ವರ್ಷ ನಡೆಸಲು ಹಣ ಒದಗಿಸುವುದಾಗಿ ಒಪ್ಪಿಕೊಂಡಿತು.

ಅಮೆರಿಕವನ್ನು ಅವರು ಬೆರಗುಗಣ್ಣಿನಿಂದ ಮಾತ್ರ ನೋಡಲಿಲ್ಲ. 1889ರಲ್ಲಿ ಮರಾಠಿಯಲ್ಲಿ ಪ್ರಕಟವಾದ ಅವರ ಅಮೆರಿಕದ ಪ್ರವಾಸಗ್ರಂಥದಲ್ಲಿ ಅಲ್ಲಿನ ಮಹಿಳೆಯರು ಸಂಘಗಳನ್ನು ಕಟ್ಟಿಕೊಂಡ ಬಗೆಯನ್ನು ಮೆಚ್ಚಿದ್ದಾರೆ. ಜೊತೆಗೆ ಅಲ್ಲಿನ ಮೂಲನಿವಾಸಿಗಳಿಗೂ ಕಪ್ಪುಜನರಿಗೂ ಆದ ಅನ್ಯಾಯವನ್ನು ಗುರುತಿಸಿದ್ದಾರೆ. ಭಾರತೀಯ ಸ್ತ್ರೀಯೊಬ್ಬಳು ಪಶ್ಚಿಮದ ಸಮಾಜವನ್ನು ತನ್ನ ಕಣ್ಣಿನಿಂದ ಅಳೆದು ತನ್ನ ಭಾಷೆಯಲ್ಲಿ ಬರೆದ ಆರಂಭಿಕ ಕೃತಿಗಳಲ್ಲಿ ಅದೂ ಒಂದು. ಪ್ರವಾಸಸಾಹಿತ್ಯವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಗಮನಿಸಬೇಕಾದ ಗ್ರಂಥವಿದು.

ಜಪಾನಿನ ದಾರಿಯಾಗಿ ಮರಳಿದ ರಮಾಬಾಯಿಯವರು 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನವನ್ನು ತೆರೆದರು. ಅಲ್ಲಿಗೆ ಬಂದ ಮೊದಲ ವಿಧವೆ ಗೋದೂಬಾಯಿ. ವಿದ್ಯಾರ್ಥಿನಿಯರು ತಮ್ಮ ಆಚಾರವಿಚಾರಗಳನ್ನು ಪಾಲಿಸಲು ಅನುಕೂಲವಾಗುವಂತೆ ಅಡುಗೆಯ ವ್ಯವಸ್ಥೆ ಪ್ರತ್ಯೇಕವಾಗಿತ್ತು. ಮನೆಯ ಮೂಲೆಯಲ್ಲಿ ಬದುಕು ಮುಗಿಯಿತೆಂದು ತಿಳಿದಿದ್ದ ಹುಡುಗಿಯರು ಇಲ್ಲಿ ಪಾಠ ಓದಿದರು, ಹಾಡಿದರು, ಕೂದಲು ಬಿಟ್ಟರು, ಶಿಕ್ಷಕಿಯರಾಗಲು ಸಿದ್ಧರಾದರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದಲ್ಲಿ ಪ್ರತಿನಿಧಿಗಳಾಗಿದ್ದ ಬೆರಳೆಣಿಕೆಯ ಸ್ತ್ರೀಯರಲ್ಲಿ ರಮಾಬಾಯಿಯವರೂ ಇದ್ದರು. ಮರುವರ್ಷ ಶಾರದಾ ಸದನ ಪುಣೆಗೆ ಸ್ಥಳಾಂತರವಾಯಿತು. ಗೋದೂಬಾಯಿಯವರು 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಮರುವಿವಾಹವಾಗಿ ಆನಂದೀಬಾಯಿ ಕರ್ವೆ ಎಂದು ಹೆಸರಾದರು. ಮುಂದೆ ಕರ್ವೆಯವರು ವಿಧವಾಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದ್ದನ್ನು ನೆನೆದರೆ ಶಾರದಾ ಸದನದ ಬೀಜ ಎಷ್ಟು ದೂರ ಚೆಲ್ಲಿತೆಂಬುದು ತಿಳಿಯುತ್ತದೆ.

ಆದರೆ 1893ರಲ್ಲಿಯೇ ದೊಡ್ಡ ಬಿಕ್ಕಟ್ಟು ಎದುರಾಯಿತು. ಸದನದಲ್ಲಿ ಮತಬೋಧನೆ ಇರುವುದಿಲ್ಲವೆಂಬ ತಿಳಿವಳಿಕೆಯ ಮೇಲೆ ಹಿಂದೂ ಸುಧಾರಕರು ಸಲಹಾಮಂಡಳಿಯಲ್ಲಿದ್ದರು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳುತ್ತಿದ್ದರು. ಕರೆಯುವುದೂ ಇಲ್ಲ, ತಡೆಯುವುದೂ ಇಲ್ಲ ಎಂಬುದು ಅವರ ನಿಲುವು. ಬಾಲಗಂಗಾಧರ ತಿಲಕರ ಕೇಸರಿ ಪತ್ರಿಕೆ ಇದನ್ನು ಕಟುವಾಗಿ ಟೀಕಿಸಿತು. ರಾನಡೆ, ರಾಮಕೃಷ್ಣ ಗೋಪಾಲ ಭಂಡಾರ್ಕರ್ ಮೊದಲಾದವರು ಮಂಡಳಿಯಿಂದ ಹೊರಬಂದರು. ಅನೇಕ ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಎರಡೂ ಪಕ್ಷಗಳ ವಾದದಲ್ಲಿ ತಿರುಳಿತ್ತು. ಮಾತಿಗೆ ತಪ್ಪಿದರೆಂಬ ಸುಧಾರಕರ ಅಸಮಾಧಾನ ನಿರಾಧಾರವಾಗಿರಲಿಲ್ಲ. ವಯಸ್ಸಿಗೆ ಬಂದ ಹೆಣ್ಣು ಯಾವ ದೇವರಿಗೆ ಕೈಮುಗಿಯಬೇಕೆಂಬುದನ್ನು ಪಾಲಕರೂ ಪತ್ರಿಕೆಗಳೂ ಮಂಡಳಿಗಳೂ ನಿರ್ಧರಿಸಬೇಕೇ ಎಂಬ ರಮಾಬಾಯಿಯವರ ಪ್ರಶ್ನೆಯೂ ಗೌಣವಾಗಿರಲಿಲ್ಲ. ಅಂದಿನ ವಾಗ್ವಾದದಲ್ಲಿ ಕೇಳಿಸದೇ ಹೋದದ್ದು ಮಾತ್ರ ಆ ಹುಡುಗಿಯರದೇ ದನಿ.

1896ರಿಂದ ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದಿತು. ಇಪ್ಪತ್ತು ವರ್ಷಗಳ ಹಿಂದೆ ತಾವು ಉಂಡ ಹಸಿವಿನ ನೆನಪಿದ್ದ ರಮಾಬಾಯಿಯವರು ಅಲ್ಲಿಗೆ ಧಾವಿಸಿದರು. ತುತ್ತು ಅನ್ನಕ್ಕಾಗಿ ಹೆಣ್ಣುಮಕ್ಕಳು ಮಾರಾಟವಾಗುವುದನ್ನು ಕಂಡು ನೂರಾರು ಬಾಲಕಿಯರನ್ನು ಕರೆತಂದರು. ಸದನದ ಆದಾಯಕ್ಕೆಂದು ಕೇಡಗಾಂವಿನಲ್ಲಿ ಕೊಂಡಿದ್ದ ಜಮೀನಿನಲ್ಲಿ ಅವರಿಗೆ ನೆಲೆ ಕಲ್ಪಿಸಿದರು. ಅದೇ ಮುಕ್ತಿ ಸದನ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ತ್ರೀಯರ ಪಾಲಿಗೆ ಒದಗಿದ ದುರವಸ್ಥೆಯನ್ನು ಅವರು ಪತ್ರಿಕೆಯಲ್ಲಿ ಬಯಲಿಗೆಳೆದರು. ಆಳುವವರ ಮತವನ್ನು ಸ್ವೀಕರಿಸಿದವರು ಆಳುವವರ ಆಡಳಿತವನ್ನು ಖಂಡಿಸಲು ಹಿಂಜರಿಯಲಿಲ್ಲ. 1900ರ ಬರದ ಹೊತ್ತಿಗೆ ಗುಜರಾತಿನಿಂದಲೂ ಮಕ್ಕಳು ಬಂದು, ಮುಕ್ತಿಯ ನಿವಾಸಿಗಳ ಸಂಖ್ಯೆ ಸುಮಾರು 1,500 ಆಯಿತು.

ಮೇಲ್ಜಾತಿಯ ವಿಧವೆಯರಿಗಾಗಿ ಆರಂಭವಾದ ಕಾರ್ಯ ಇಲ್ಲಿ ಎಲ್ಲ ಜಾತಿಗಳ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಅಂಧರಿಗೆ ಬ್ರೈಲ್ ಲಿಪಿಯ ಪಾಠವಿತ್ತು. ಹೊಲ ತೋಟಗಳ ಕೆಲಸ, ಹೈನುಗಾರಿಕೆ, ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಮುದ್ರಣ ಎಲ್ಲವನ್ನೂ ಹೆಂಗಸರೇ ನಡೆಸಿದರು. ಬೇರೆ ಕಸುಬು ತಿಳಿಯದ ಕಾರಣಕ್ಕೆ ಹಸಿದು ಸತ್ತ ಕುಟುಂಬದ ಮಗಳು ಕಟ್ಟಿದ ಊರು ಹೀಗಿತ್ತು. ಇಲ್ಲಿ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಮುಕ್ತಿಯಲ್ಲಿ ಬೆಳೆದ ಮಕ್ಕಳು ಕ್ರೈಸ್ತ ಬೋಧನೆಯಲ್ಲಿಯೇ ಬೆಳೆದರು. ಹಸಿದು ಬಂದ ಎಳೆಯರ ಆಯ್ಕೆಯನ್ನು ಆಯ್ಕೆಯೆನ್ನಬಹುದೇ ಎಂಬ ಸಂಶಯ ಅಂದೂ ಇತ್ತು, ಇಂದೂ ಇದೆ. ತಮ್ಮ ನಂಬಿಕೆಯ ಸ್ವಾತಂತ್ರ್ಯಕ್ಕಾಗಿ ಎಲ್ಲರೊಡನೆ ಹೋರಾಡಿದ ರಮಾಬಾಯಿಯವರ ಜೀವನದಲ್ಲಿ ಇದು ತೀರದ ಪ್ರಶ್ನೆಯಾಗಿಯೇ ಉಳಿಯುತ್ತದೆ. ಆ ಮಕ್ಕಳನ್ನು ಸಾವಿನಿಂದ ಬದುಕಿಗೆ ತಂದವರು ಅವರೇ ಎಂಬುದು ಅದರಿಂದ ಕಡಿಮೆಯಾಗುವುದಿಲ್ಲ.

ಕೊನೆಯ ವರ್ಷಗಳಲ್ಲಿ ಅವರು ಹಿಬ್ರೂ ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ಮರಾಠಿಗೆ ಅನುವಾದಿಸಿದರು. ಆಗ ಬಳಕೆಯಲ್ಲಿದ್ದ ಅನುವಾದದ ಸಂಸ್ಕೃತಭೂಯಿಷ್ಠ ಶೈಲಿ ಹಳ್ಳಿಯ ಹೆಂಗಸಿಗೆ ಅರ್ಥವಾಗುತ್ತಿರಲಿಲ್ಲ. ಸಂಸ್ಕೃತ ಪಾಂಡಿತ್ಯಕ್ಕಾಗಿ ಬಿರುದು ಪಡೆದವರೇ ಸಂಸ್ಕೃತದ ಭಾರವನ್ನು ಇಳಿಸಿ ತಿಳಿಮರಾಠಿಯಲ್ಲಿ ಬರೆದರು. ಅಚ್ಚುಮೊಳೆಗಳನ್ನು ಜೋಡಿಸಿ ಮುದ್ರಿಸಿದವರು ಮುಕ್ತಿಯ ಹೆಂಗಸರು. ಭಾಷೆಯ ಪ್ರಶ್ನೆ ಅಧಿಕಾರದ ಪ್ರಶ್ನೆಯೂ ಹೌದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಮಗಳು ಮನೋರಮಾ ತಾಯಿಯ ಬಲಗೈಯಾಗಿದ್ದರು. ಅವರ ಶ್ರಮದಿಂದ 1912ರಲ್ಲಿ ನಿಜಾಮರ ರಾಜ್ಯದ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಶಾಲೆಯೊಂದು ಆರಂಭವಾಯಿತು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ಕೂಸಿನ ಕಾರ್ಯ ಹೀಗೆ ಮಗಳ ಮೂಲಕ ಕನ್ನಡ ನೆಲಕ್ಕೆ ಮರಳಿತು. 1919ರಲ್ಲಿ ಸರ್ಕಾರ ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನು ನೀಡಿತು. 1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡರು. ಉಳಿದವರೆಲ್ಲರನ್ನೂ ಎಂದೋ ಕಳೆದುಕೊಂಡಿದ್ದ ತಾಯಿಗೆ ಅದು ಕೊನೆಯ ಪೆಟ್ಟು. ಅನುವಾದದ ಕೆಲಸವನ್ನು ಮುಗಿಸಿ 1922ರ ಏಪ್ರಿಲ್ 5ರಂದು ರಮಾಬಾಯಿಯವರು ನಿಧನರಾದರು.

ಅವರ ಕಾಲದ ಪ್ರಶ್ನೆಗಳು ಕನ್ನಡ ಸಾಹಿತ್ಯಕ್ಕೂ ಹೊರಗಿನವಾಗಿರಲಿಲ್ಲ. ಶಾರದಾ ಸದನ ಆರಂಭವಾದ ಹತ್ತು ವರ್ಷಗಳಿಗೆ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಕಾದಂಬರಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದರ ನಾಯಕಿ ವೈಧವ್ಯದ ಕಟ್ಟಳೆಗಳನ್ನು ಒಪ್ಪದೆ ವಿದ್ಯೆ ಕಲಿತು ಮರುಮದುವೆಯಾಗುವ ತರುಣಿ. ಎಳವೆಯಲ್ಲಿಯೇ ವಿಧವೆಯಾದ ನಂಜನಗೂಡು ತಿರುಮಲಾಂಬಾ ಅವರು ಕಾದಂಬರಿಗಳನ್ನು ಬರೆದು, ಪ್ರಕಟಣೆಯನ್ನೂ ಪತ್ರಿಕೆಯನ್ನೂ ತಾವೇ ನಡೆಸಿದರು. ಇವರನ್ನು ರಮಾಬಾಯಿಯವರ ಪಕ್ಕದಲ್ಲಿಟ್ಟು ಓದಿದಾಗ, ಹೆಣ್ಣನ್ನು ಕುರಿತು ಗಂಡಸರು ಮಾಡಿದ ಸುಧಾರಣೆಗೂ ಹೆಣ್ಣು ತಾನೇ ಕೈಗೆತ್ತಿಕೊಂಡ ಕಾರ್ಯಕ್ಕೂ ಇರುವ ವ್ಯತ್ಯಾಸ ವಿದ್ಯಾರ್ಥಿಗಳಿಗೆ ಸ್ಪಷ್ಟವಾಗುತ್ತದೆ.

ರಮಾಬಾಯಿಯವರ ಬದುಕಿನಿಂದ ಸಮಾನತೆಯ ಮೂರು ಅರ್ಥಗಳನ್ನು ನಾವು ಗ್ರಹಿಸಬಹುದು. ಜ್ಞಾನದ ಮೂಲಗ್ರಂಥಗಳನ್ನು ಹೆಣ್ಣು ತಾನೇ ಓದಿ ಪ್ರಶ್ನಿಸುವುದು ಮೊದಲನೆಯದು. ತನ್ನ ಅನ್ನವನ್ನು ತಾನು ಸಂಪಾದಿಸುವ ಶಕ್ತಿ ಎರಡನೆಯದು. ಯಾರನ್ನು ಮದುವೆಯಾಗಬೇಕು, ಏನನ್ನು ನಂಬಬೇಕು ಎಂಬ ನಿರ್ಧಾರ ತನ್ನದೇ ಆಗಿರುವುದು ಮೂರನೆಯದು. ಮೊದಲ ಎರಡನ್ನು ಸಮಾಜ ಕಾಲಕ್ರಮೇಣ ಒಪ್ಪಿಕೊಂಡಿತು. ಇಂದು ಹೆಣ್ಣುಮಕ್ಕಳು ಓದುವುದನ್ನೂ ದುಡಿಯುವುದನ್ನೂ ಬಹುಪಾಲು ಮನೆಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಮೂರನೆಯದರ ಮಾತು ಬಂದಾಗ ಮಾತ್ರ ಅದೇ ಮನೆಗಳ ದನಿ ಬದಲಾಗುತ್ತದೆ. ಕಲ್ಕತ್ತೆಯ ಸಭೆ ರಮಾಬಾಯಿಯವರ ವಿದ್ಯೆಯನ್ನು ಮೆಚ್ಚಿತು, ಮುಂದೆ ಅವರ ಸ್ವತಂತ್ರ ನಿರ್ಧಾರವನ್ನು ಸಹಿಸಲಾರದೇ ಹೋಯಿತು. ಕಲಿತ ಹೆಣ್ಣನ್ನು ಮೆಚ್ಚುವುದಕ್ಕೂ ಅವಳ ನಿರ್ಧಾರವನ್ನು ಗೌರವಿಸುವುದಕ್ಕೂ ನಡುವಿನ ಆ ದೂರವನ್ನು ನಮ್ಮ ಕಾಲ ಎಷ್ಟರಮಟ್ಟಿಗೆ ಕ್ರಮಿಸಿದೆ ಎಂಬುದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ವಿದ್ಯಾರ್ಥಿನಿಯೂ ತಮ್ಮ ಮನೆಯಿಂದಲೇ ಪರಿಶೀಲಿಸಿಕೊಳ್ಳಬೇಕು.